ಕೊಂಡದ್ದು, ಕೇಳಿದ್ದು, ಉಳಿದದ್ದು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಮೂರು ವ್ಯಾಪಾರಗಳು ನಡೆದವು. ಹಾಡು ಕೇಳಿಸುವ ಆ್ಯಪ್ ಒಂದಕ್ಕೆ ನಾನು ತಿಂಗಳ ಚಂದಾ ಕಟ್ಟಿದೆ. ಏಳನೆಯ ತರಗತಿಯಲ್ಲಿ ಓದುವ ಮಗರಾಯ ತಾನು ಮೊಬೈಲಿನಲ್ಲಿ ಆಡುವ ಆಟದ ವೀರನಿಗೆ ಒಂದು ಕೆಂಪು ಕೋಟು ಕೊಂಡ. ಹಣ ಹೋದದ್ದು ನನ್ನ ಖಾತೆಯಿಂದ. ಪತ್ರಿಕೆ ಹಾಕುವ ಹುಡುಗ ಬಂದು ತಿಂಗಳ ಬಾಕಿ ತೆಗೆದುಕೊಂಡು ಹೋದ. ನಮ್ಮ ಮನೆಯ ಆಯವ್ಯಯ ಮಂತ್ರಿಣಿ ನನ್ನ ಹೆಂಡತಿ. ಲೆಕ್ಕದ ಪುಸ್ತಕ ತೆರೆದವಳು ಕೇಳಿದಳು: "ಅಲ್ಲಾರೀ, ಪೇಪರ್ ಆದರೆ ರದ್ದಿಗಾದರೂ ಹೋಗುತ್ತೆ. ಆ ಹಾಡು, ಆ ಕೋಟು, ಅವೆರಡನ್ನೂ ಯಾವ ಬೀರುವಿನಲ್ಲಿ ಇಟ್ಟಿದ್ದೀರಿ?"

ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಇದಕ್ಕೆ ಉತ್ತರ ತೋಚಲಿಲ್ಲ. ಉತ್ತರ ತೋಚದಿದ್ದಾಗ ಮೇಷ್ಟ್ರಾದವನು ನಿಘಂಟನ್ನು ತೆರೆಯುತ್ತಾನೆ. ಇದು ನಮ್ಮ ಕುಲಧರ್ಮ.

'ಕೊಳ್ಳು' ಎಂಬುದು ಕನ್ನಡದ ಬಹು ಹಳೆಯ ಧಾತು. ತೆಗೆದುಕೊಳ್ಳುವುದು, ಹಿಡಿಯುವುದು, ಕ್ರಯಕ್ಕೆ ಪಡೆಯುವುದು, ಇವೆಲ್ಲವೂ ಅದರ ಅರ್ಥ. ಆದರೆ ಅದರ ಸೊಗಸು ಬೇರೆ ಕ್ರಿಯಾಪದದ ಬೆನ್ನಿಗೆ ಬಂದು ನಿಂತಾಗ ಕಾಣುತ್ತದೆ. 'ಓದಿದ' ಎಂದರೆ ಯಾರಿಗಾಗಿ ಓದಿದನೋ ತಿಳಿಯದು. 'ಓದಿಕೊಂಡ' ಎಂದರೆ ತನಗಾಗಿ ಓದಿದ. ಹಾಡುವುದು ಸಭೆಗೆ, ಹಾಡಿಕೊಳ್ಳುವುದು ತನಗೆ. ವ್ಯಾಕರಣದವರು ಇದನ್ನು ಆತ್ಮಾರ್ಥಕ ಎಂದರು. ಕೊಂಡದ್ದು ತನ್ನದಾಗುತ್ತದೆ ಎಂಬ ನಂಬಿಕೆ ಹೀಗೆ ನಮ್ಮ ಮಾತಿನ ಒಳಗೇ ಸೇರಿಹೋಗಿದೆ. ಇದೇ ಧಾತುವಿನಿಂದ 'ಕೊಳ್ಳೆ' ಎಂಬ ಇನ್ನೊಂದು ಮಾತೂ ಹುಟ್ಟಿದೆ ಎಂಬುದನ್ನು ಸದ್ಯಕ್ಕೆ ವಾಚಕರ ನೆನಪಿನಲ್ಲಿ ಇಟ್ಟು ಮುಂದೆ ಹೋಗುತ್ತೇನೆ.

ಮೊದಲು ಹಾಡಿನ ವಿಚಾರ. ನಮ್ಮ ದೇಶದಲ್ಲಿ ಹಾಡು ಅಂಗಡಿಯ ಸರಕಾದದ್ದು 1902ರ ಈಚೆಗೆ. ಆ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದರು. ಗಂಟೆಗಟ್ಟಲೆ ವಿಸ್ತಾರವಾಗಿ ಹಾಡುತ್ತಿದ್ದ ರಾಗವನ್ನು ಮೂರು ನಿಮಿಷದ ತಟ್ಟೆಗೆ ಅಡಕಮಾಡಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಎಂಬ ಗುರುತು ಸಿಕ್ಕಬೇಕಲ್ಲ! ಆ ಮಹಾಗಾಯಕಿ ಕೊನೆಗೆ ನಮ್ಮ ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ತಟ್ಟೆಗಳು ಮಾತ್ರ ಇನ್ನೂ ಹಾಡುತ್ತಿವೆ. ಕಂಪನಿಯ ಹೆಸರು ಬದಲಾಯಿತು, ರಾಜ್ಯಗಳು ಬದಲಾದವು. ತಟ್ಟೆಯನ್ನು ಕೊಂಡವನ ಮನೆಗೆ ಬಂದು ಅದನ್ನು ಹಿಂದಕ್ಕೆ ಕೇಳಿದವರು ಯಾರೂ ಇಲ್ಲ.

ನನ್ನ ಕಾಲ ಕ್ಯಾಸೆಟ್ಟಿನದು. 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಹೊರಬಂದ ಮೇಲೆ ಕನ್ನಡದ ಭಾವಗೀತೆ ಪುಸ್ತಕದಿಂದ ಎದ್ದು ಅಡುಗೆಮನೆಗೆ ಬಂತು. ನಿಸಾರ್ ಅಹಮದರ ಕವಿತೆಗೆ ಮೈಸೂರು ಅನಂತಸ್ವಾಮಿಯವರ ಸ್ವರ. ಕವಿತೆಯನ್ನು ಪಠ್ಯವೆಂದು ಅಂಜುತ್ತಿದ್ದವರೂ ಅದನ್ನು ಗುನುಗತೊಡಗಿದರು. ನಮ್ಮ ತಂದೆಯವರು ಗುಮಾಸ್ತರು. ಸಂಬಳದ ದಿನ ಒಂದು ಕ್ಯಾಸೆಟ್ಟು ತಂದರೆ ಅದರ ಹಿಂದೆ ಎರಡು ವಾರದ ಆಲೋಚನೆ ಇರುತ್ತಿತ್ತು. ತಂದ ಮೇಲೆ ಚೆನ್ನಾಗಿಲ್ಲವೆಂದು ಬಿಡುವಂತಿರಲಿಲ್ಲ. ಹಣ ಕೊಟ್ಟಾಗಿದೆ, ಚೆನ್ನಾಗಿರುವ ತನಕ ಕೇಳಬೇಕು. ಹೀಗೆ ಕೇಳಿ ಕೇಳಿಯೇ ಎರಡನೆಯ ಪಕ್ಕದ ನಾಲ್ಕನೆಯ ಹಾಡು ಎಷ್ಟೋ ಸಲ ಮೊದಲನೆಯದಕ್ಕಿಂತ ದೊಡ್ಡದೆಂದು ನಮಗೆ ತಿಳಿಯಿತು. ವಿಮರ್ಶೆಯ ಮೊದಲ ಪಾಠ ನನಗೆ ಆದದ್ದು ಎಂ.ಎ. ತರಗತಿಯಲ್ಲಲ್ಲ, ಆ ಬಡತನದಲ್ಲಿ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ವಾದಿಸಹೊರಟವನಲ್ಲ ನಾನು. ಆ ಯಂತ್ರ ಟೇಪನ್ನು ನುಂಗಿಬಿಡುತ್ತಿತ್ತು. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಬೆರಳು ನೋಯುತ್ತಿದ್ದವು. ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿಗಳಿದ್ದವು. ಆ ಹಣದಲ್ಲಿ ಹಾಡಿದವರಿಗೆ ಬಿಡಿಕಾಸೂ ಹೋಗುತ್ತಿರಲಿಲ್ಲವೆಂದು ಈಗ ಬಲ್ಲೆ; ಆಗ ಬಲ್ಲವನಾಗಿದ್ದರೂ ಪಟ್ಟಿ ಬರೆಯದೆ ಇರುತ್ತಿದ್ದೆನೆಂದು ಹೇಳಲಾರೆ. ಇಂದು ಒಂದು ಕ್ಯಾಸೆಟ್ಟಿನಷ್ಟು ಹಣಕ್ಕೆ ತಿಂಗಳಿಡೀ ಲೋಕದ ಸಂಗೀತವೆಲ್ಲ ಕಿವಿಗೆ ಬರುತ್ತದೆ. ಭೀಮಸೇನ ಜೋಶಿಯವರನ್ನು ಬಸ್ಸಿನಲ್ಲಿ ಕೇಳುತ್ತೇನೆ. ಇದನ್ನು ಅಲ್ಲಗಳೆಯುವವನು ಕೃತಘ್ನ.

ನನ್ನ ಫಿರ್ಯಾದು ಬೇರೆ. ಎರಡು ವರ್ಷದಿಂದ ಒಂದೊಂದಾಗಿ ಆರಿಸಿ, ಬಿ.ಎ. ತರಗತಿಗೆಂದು ಭಾವಗೀತೆಗಳ ಒಂದು ಪಟ್ಟಿಯನ್ನು ಆ ಆ್ಯಪ್‌ನಲ್ಲಿ ಮಾಡಿ ಇಟ್ಟಿದ್ದೆ. ಮೊನ್ನೆ ಪಾಠದ ನಡುವೆ, ಕವಿತೆಯ ಲಯವನ್ನು ಸಂಗೀತಗಾರ ಹೇಗೆ ಅರ್ಥಮಾಡಿಕೊಂಡಿದ್ದಾನೆಂದು ತೋರಿಸಲು ಗುಂಡಿ ಒತ್ತಿದರೆ ಹಾಡು ಮಾತಾಡಲಿಲ್ಲ. ಹೆಸರು ಬೂದುಬಣ್ಣಕ್ಕೆ ತಿರುಗಿ ಪಟ್ಟಿಯಲ್ಲಿ ಮಲಗಿತ್ತು. ಹಕ್ಕುಗಳ ಒಪ್ಪಂದ ಮುಗಿದಿದೆಯೆಂದು ವಿಚಾರಿಸಿದಾಗ ಉತ್ತರ ಬಂತು. ಅರವತ್ತು ವಿದ್ಯಾರ್ಥಿಗಳೆದುರು ನಾನೇ ಎರಡು ಸಾಲು ಹಾಡಬೇಕಾಯಿತು. ಅವರು ಮೇಷ್ಟ್ರ ಮೇಲಿನ ಗೌರವದಿಂದ ನಗಲಿಲ್ಲ. ಅದು ಇನ್ನೂ ಕಷ್ಟ.

ಪುಸ್ತಕಗಳಿಗೂ ಈ ಗತಿ ತಪ್ಪಿಲ್ಲ. ಹಣ ಕೊಟ್ಟು ಕಿಂಡಲ್ ಯಂತ್ರಕ್ಕೆ ಇಳಿಸಿಕೊಂಡಿದ್ದವರ ಕೈಯಿಂದ 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ ಕೆಲವು ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವನಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ಹಿಂದಕ್ಕೆ ಬಂತು, ಕಂಪನಿಯೂ ತಪ್ಪಾಯಿತೆಂದಿತು. ಹಾಗೆ ಮಾಯವಾದ ಪುಸ್ತಕ ಯಾವುದೆಂದು ಬಲ್ಲಿರಾ? ಜಾರ್ಜ್ ಆರ್ವೆಲ್‌ನ '1984'. ಬೇಡದ ಬರಹವನ್ನು ಸರಕಾರವೇ ಅಳಿಸಿಹಾಕುವ ರಾಜ್ಯವೊಂದರ ಕಥೆ! ಇಂಥ ವ್ಯಂಗ್ಯವನ್ನು ಕಾದಂಬರಿಕಾರನೊಬ್ಬ ಕಲ್ಪಿಸಿ ಬರೆದಿದ್ದರೆ, ಸಹಜತೆ ಸಾಲದೆಂದು ನಾನೇ ವಿಮರ್ಶೆಯಲ್ಲಿ ಅಂಕ ಕಳೆಯುತ್ತಿದ್ದೆ.

ಇನ್ನು ಆಟ. ನಮ್ಮ ಅಜ್ಜಿ ಅಳಗುಳಿಮಣೆ ಆಡುತ್ತಿದ್ದರು. ಹದಿನಾಲ್ಕು ಗುಳಿಯ ಮರದ ಮಣೆ, ಹುಣಿಸೆಬೀಜ. ಬೀಜ ಕಳೆದರೆ ಡಬ್ಬಿಯಿಂದ ಮತ್ತೊಂದು ಹಿಡಿ. ಅದು ಬಡವರ ಆಟ ಮಾತ್ರವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ಕಟ್ಟುವುದರಲ್ಲಿ ರಸಿಕರಾಗಿದ್ದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಮನೆಗಳ ಚಿತ್ರಗಳಿವೆ. ಅವರು ತೀರಿಕೊಂಡದ್ದು 1868ರಲ್ಲಿ. ಗೋಡೆಯ ಮೇಲಿನದನ್ನು ನೋಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರೆ ಆ ಆಟವನ್ನು ಇವತ್ತು ಸಂಜೆಯೂ ಆಡಬಹುದು.

ಇದಕ್ಕೆ ಎದುರಾಗಿ ಈ ಸಂಗತಿಯನ್ನು ಇಡಿ. ಯೂಬಿಸಾಫ್ಟ್ ಎಂಬ ಫ್ರಾನ್ಸಿನ ಕಂಪನಿ 2014ರಲ್ಲಿ 'ದಿ ಕ್ರೂ' ಎಂಬ ಕಾರೋಟದ ಆಟವನ್ನು ಮಾರಿತು. ಹತ್ತು ವರ್ಷವೂ ತುಂಬುವ ಮೊದಲೇ, 2024ರ ಮಾರ್ಚ್ 31ರಂದು, ಅದರ ಸರ್ವರುಗಳನ್ನು ನಿಲ್ಲಿಸಿಬಿಟ್ಟಿತು. ಕಂಪನಿಯ ಯಂತ್ರದ ಸಂಪರ್ಕವಿಲ್ಲದೆ ನಡೆಯದ ಆಟ ಅದು. ಪೂರ್ತಿ ಬೆಲೆ ಕೊಟ್ಟು ಡಿಸ್ಕನ್ನೇ ಕೊಂಡವರ ಕೈಯಲ್ಲೂ ಉಳಿದದ್ದು ಹೊಳೆಯುವ ಒಂದು ಬಿಲ್ಲೆ. ಆಟಗಾರರು ಕೆರಳಿದರು. ಮಾರಿದ ಆಟಗಳನ್ನು ಆಡಲು ಬರುವ ಸ್ಥಿತಿಯಲ್ಲಿ ಉಳಿಸಬೇಕೆಂದು ಯೂರೋಪಿನಲ್ಲಿ ಹೊರಟ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ರುಜುಗಳು ಬಿದ್ದವು. ಮೋಸದ ಪಗಡೆ ಆಡಿದ ಶಕುನಿಯೂ ಆಟದ ಹಾಸನ್ನು ಎದುರಾಳಿಗೆ ಮಾರಿ, ಮತ್ತೆ ಸುತ್ತಿಕೊಂಡು ಹೋದನೆಂದು ಯಾವ ಭಾರತದಲ್ಲೂ ನಾನು ಓದಿಲ್ಲ.

ಜೂಜಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ನಮ್ಮ ಸಂಸತ್ತಿನಲ್ಲಿ 2025ರ ಆಗಸ್ಟಿನಲ್ಲಿ ಅಂಗೀಕಾರವಾಯಿತು. ಮಗನ ಕೆಂಪು ಕೋಟು ಆ ಜಾತಿಯದಲ್ಲ. ಅದನ್ನು ತೊಟ್ಟರೆ ಗುಂಡು ತಾಗದೆ ಇರುವುದಿಲ್ಲ, ಓಟ ಹೆಚ್ಚುವುದಿಲ್ಲ. "ಮತ್ತೆ ಯಾಕಪ್ಪಾ?" ಎಂದು ಕೇಳಿದೆ. "ಎಲ್ಲರ ಹತ್ತಿರಾನೂ ಇದೆಯಪ್ಪಾ, ನೀನು ಮದುವೆಗೆ ಹೋಗುವಾಗ ಕೋಟು ಹಾಕ್ಕೊಳ್ಳೋದು ಚಳಿಗಾ?" ಎಂದ. ನನ್ನ ವಾದದ ಅರ್ಧ ಭಾಗ ಅಲ್ಲಿಗೆ ಬಿದ್ದುಹೋಯಿತು. ಆದರೂ ಇನ್ನರ್ಧ ನಿಂತಿದೆ: ನನ್ನ ಕೋಟು ತಮ್ಮನ ಮೈಗೆ ಹೋಗಬಹುದು, ಹಳತಾದರೆ ಪಾತ್ರೆಯವಳಿಗೆ ಹೋಗಬಹುದು. ಅವನ ಕೋಟನ್ನು ಅವನು ಗೆಳೆಯನಿಗೆ ದಾನವಾಗಿಯೂ ಕೊಡಲಾರ. ದಾನಕ್ಕೆ ಬಾರದ ವಸ್ತು ಸ್ವಂತದ್ದು ಹೇಗಾದೀತು?

ಮೂರನೆಯದು ವರ್ತಮಾನ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟಾಗ ಅದು ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆ. ಹರ್ಮನ್ ಮೊಗ್ಲಿಂಗ್ ಪಾದ್ರಿಗಳು ಕಲ್ಲಚ್ಚಿನಲ್ಲಿ ತೆಗೆಯುತ್ತಿದ್ದರು. ಹದಿನೈದು ದಿನಗಳಲ್ಲಿ ಲೋಕದಲ್ಲಿ ತಿಳಿಯಬೇಕಾದದ್ದು ಕೆಲವೇ ಪುಟದಷ್ಟು ಎಂದು ಆಗಿನವರು ನಂಬಿದ್ದರು. ಈಗ ನನ್ನ ಜೇಬಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತದೆ. ತೆರೆದರೆ 'ಮುಂದೆ ಆದದ್ದನ್ನು ಕೇಳಿದರೆ ಬೆಚ್ಚಿಬೀಳುತ್ತೀರಿ' ಎಂಬ ಶೀರ್ಷಿಕೆ. ಮುಂದೆ ಆದದ್ದು ಇಷ್ಟೇ: ನಟಿಯೊಬ್ಬರು ತಲೆಗೂದಲು ಕತ್ತರಿಸಿಕೊಂಡಿದ್ದಾರೆ. ಈ ಸರಕಿಗೆ ಬೆಲೆಯಿಲ್ಲ, ಪುಕ್ಕಟೆ. ಪುಕ್ಕಟೆ ಹೇಗೆ ಕೊಡುತ್ತಾರೆಂದು ಯೋಚಿಸಿದರೆ, ಅಲ್ಲಿ ಬಿಕರಿಯಾಗುತ್ತಿರುವುದು ವಾರ್ತೆಯಲ್ಲ, ನಮ್ಮ ಕಣ್ಣು. ಅದನ್ನು ಕೊಳ್ಳುವವರು ಜಾಹೀರಾತಿನವರು.

ಪತ್ರಿಕೆಯಲ್ಲಿ ಬರೆಯುತ್ತ ಪತ್ರಿಕೆಯನ್ನೇ ಹೊಗಳುವುದು ಉಂಡಮನೆಯ ಋಣವೆಂದು ನೀವು ನಗಬಹುದು. ಕಾಗದದ ಪತ್ರಿಕೆಯಲ್ಲೂ ಜಾಹೀರಾತಿದೆ, ಚಾಡಿಯಿದೆ, ಅಚ್ಚಿನ ತಪ್ಪಿದೆ. ಆದರೆ ಅದಕ್ಕೆ ಎರಡು ಗುಣಗಳಿವೆ. ಒಂದು, ಅದಕ್ಕೆ ಕೊನೆಯ ಪುಟವಿದೆ. ಅಲ್ಲಿಗೆ ಬಂದ ಮೇಲೆ ಮಡಿಸಿಟ್ಟು ಸ್ನಾನಕ್ಕೆ ಹೋಗಬಹುದು. ಎರಡು, ಇಂದು ತಪ್ಪು ಅಚ್ಚಾದರೆ ಅದು ನನ್ನ ಕೈಯಲ್ಲಿ ತಪ್ಪಾಗಿಯೇ ಉಳಿಯುತ್ತದೆ. ತಿದ್ದಬೇಕಾದರೆ ಅವರು ನಾಳೆ ಒಪ್ಪಿಕೊಂಡೇ ತಿದ್ದಬೇಕು. ಮೊಬೈಲಿನ ವಾರ್ತೆ ಬೆಳಿಗ್ಗೆ ಒಂದು, ಮಧ್ಯಾಹ್ನ ಮತ್ತೊಂದು. ಬೆಳಿಗ್ಗೆ ಓದಿದ್ದನ್ನು ಹಿಡಿದು ಸ್ನೇಹಿತರೊಡನೆ ಜಗಳವಾಡಿ, ಸಾಯಂಕಾಲ ಸಾಕ್ಷಿಗೆ ತೆರೆದರೆ ಆ ವಾಕ್ಯವೇ ಇರಲಿಲ್ಲ. ನಾನು ಸುಳ್ಳುಗಾರನಾದೆ.

ಹಾಡು, ಆಟ, ವಾರ್ತೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ದೋಷ ಬಾಡಿಗೆಯಲ್ಲಿಲ್ಲ. ಬಾಡಿಗೆ ಮರ್ಯಾದೆಯ ವ್ಯವಹಾರವೇ. ನಾವು ಬಾಡಿಗೆ ಮನೆಯಲ್ಲಿ ಬೆಳೆದವರು. ಬಾಡಿಗೆ ಸೈಕಲ್ಲಿನಲ್ಲಿ ಬಿದ್ದು ಕಲಿತವರು. ಆಕಾಶವಾಣಿಯ ಹಾಡನ್ನು ನಮ್ಮದೆಂದು ಯಾರೂ ಭಾವಿಸಲಿಲ್ಲ. ಬಂದಾಗ ಕೇಳಿದೆವು, ಹೋದಾಗ ಸುಮ್ಮನಾದೆವು. ದೋಷವಿರುವುದು ಬಾಡಿಗೆಗೆ ಕೊಟ್ಟು 'ಕೊಳ್ಳಿ' ಎಂಬ ಬೋರ್ಡು ಹಾಕುವುದರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಕಂಡುಕೊಂಡಿತು. ಬಳಸುವ ಪರವಾನಗಿಯನ್ನಷ್ಟೇ ಮಾರುವವನು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಮಾತನ್ನು ಬಳಸಕೂಡದೆಂದು ಅಲ್ಲಿ ಕಾನೂನಾಗಿ, 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಶಾಸನಸಭೆಯೊಂದು ಕೂತು ಒಂದು ಕ್ರಿಯಾಪದದ ಅರ್ಥವನ್ನು ವಿಚಾರಿಸಿತು! ಭಾಷೆಯ ಮೇಷ್ಟ್ರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೆ? ಕನ್ನಡದಲ್ಲಾದರೆ ಆ ಗುಂಡಿಯ ಮೇಲೆ 'ಕೊಳ್ಳಿ' ಎಂಬುದನ್ನು ತೆಗೆದು 'ಸದ್ಯಕ್ಕೆ ಇಟ್ಟುಕೊಳ್ಳಿ' ಎಂದು ಬರೆಯಬಹುದು. ಅದೂ ಬೇಡವಾದರೆ, ಮೊದಲು ನೆನಪಿನಲ್ಲಿಡಿ ಎಂದೆನಲ್ಲ, ಆ 'ಕೊಳ್ಳೆ' ಇದ್ದೇ ಇದೆ.

ಇಷ್ಟನ್ನೂ ಹೆಂಡತಿಗೆ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, ಲೆಕ್ಕದ ಪುಸ್ತಕದಲ್ಲಿ ಹಾಡನ್ನೂ ಕೋಟನ್ನೂ 'ಸಾಮಾನು' ಎಂಬ ಸಾಲಿನಿಂದ ಹೊಡೆದುಹಾಕಿ, 'ಬಾಡಿಗೆ' ಎಂಬ ಸಾಲಿಗೆ ಸೇರಿಸಿದಳು. ನಾನು ಎರಡು ದಿನ ಹುಡುಕಿದ ವಿಮರ್ಶೆಯ ತೀರ್ಪನ್ನು ಅವಳು ಒಂದೇ ಗೆರೆಯಲ್ಲಿ ಬರೆದಳು.

ಮುಂದಿನ ಭಾನುವಾರ ಅಟ್ಟದ ಮೇಲಿನ ಪೆಟ್ಟಿಗೆಯಿಂದ ತಂದೆಯವರ ಕ್ಯಾಸೆಟ್ಟುಗಳನ್ನು ಇಳಿಸಿದೆ. ಹಾಕಿ ಕೇಳೋಣವೆಂದರೆ ಯಂತ್ರ ಕೆಟ್ಟಿದೆ, ರಿಪೇರಿಯವನು ಬಿಡಿಭಾಗವಿಲ್ಲವೆಂದ. ಹಾಗಾದರೆ ಕೊಂಡದ್ದೂ ಉಳಿಯಲಿಲ್ಲ ಎನ್ನುವಿರಾ? ಕ್ಯಾಸೆಟ್ಟಿನ ಒಳಚೀಟಿಯಲ್ಲಿ ತಂದೆಯವರು ತಮಗೆ ಹಿಡಿಸಿದ ಹಾಡುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ತರಗತಿಯಲ್ಲಿ ನನ್ನ ಕೈಬಿಟ್ಟ ಹಾಡಿನ ಪಕ್ಕದಲ್ಲೂ ಒಂದು ಗುರುತಿತ್ತು. ಧೂಳು ಒರೆಸುತ್ತಾ ಅದನ್ನೇ ಹಾಡಿಕೊಂಡೆ. ಮಗ ಮೊಬೈಲಿನಿಂದ ತಲೆಯೆತ್ತಿ, "ಅಪ್ಪಾ, ಇದು ಯಾವ ಆ್ಯಪ್‌ನಲ್ಲಿ ಸಿಗುತ್ತೆ?" ಎಂದು ಕೇಳಿದ.