ಕಪ್ಪು ಶಾಯಿಯ ಗೆರೆ ಮತ್ತು ನಮ್ಮ ಮುಖಗಳು

ಹಲವು ವರ್ಷಗಳ ಹಿಂದೆ ನನ್ನ ಕಥೆಯೊಂದು ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಲೋಂಡಾ ಜಂಕ್ಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತನೊಬ್ಬನ ಕಥೆ. ದಿನಾ ಗಡ್ಡ ಬೋಳಿಸುವವನು, ತಲೆಗೆ ಎಣ್ಣೆ ಹಚ್ಚಿ ಎಡಕ್ಕೆ ಬೈತಲೆ ತೆಗೆಯುವವನು, ಬೀಡಿ ಬಿಡಲಾರದವನು. ಇಷ್ಟನ್ನೂ ನಾನು ಮೊದಲ ಪುಟದಲ್ಲೇ ಬರೆದಿದ್ದೆ. ಪತ್ರಿಕೆ ಕೈಗೆ ಬಂದಾಗ ನೋಡಿದರೆ ಉದ್ದ ಗಡ್ಡ, ಜಾಳಿಗೆ ಟೋಪಿ, ಚೌಕಳಿ ಲುಂಗಿ. ಬೆನ್ನ ಹಿಂದೆ ಒಂದು ಮಿನಾರು, ಅದರ ನೆತ್ತಿಯ ಮೇಲೆ ಚಂದ್ರ. ಟಿಕೆಟ್ ಕಿಟಕಿಯೇ ಇರಲಿಲ್ಲ. ಕಥೆ ನಡೆಯುವುದು ಲೋಂಡಾದ ಜುಲೈ ಮಳೆಯಲ್ಲಿ. ಆ ತಿಂಗಳಲ್ಲಿ ಅಲ್ಲಿ ಚಂದ್ರನನ್ನು ಕಂಡವರು ಯಾರಾದರೂ ಇದ್ದರೆ ಅವರ ದರ್ಶನ ನನಗೆ ಬೇಕು.

ಧೈರ್ಯ ಮಾಡಿ ಫೋನ್ ಮಾಡಿದೆ. ಕಲಾವಿದರು ಹಿರಿಯರು, ಒಳ್ಳೆಯ ಮನುಷ್ಯ. ಬೇಸರಪಟ್ಟುಕೊಳ್ಳದೆ ಹೇಳಿದರು: “ನಿಮ್ಮ ಮಾತು ನಿಜ ಸಾರ್. ಆದರೆ ಟೋಪಿ ಇಲ್ಲದಿದ್ದರೆ ಓದುಗರಿಗೆ ಹೇಗೆ ಗೊತ್ತಾಗಬೇಕು?”

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಚಿತ್ರ ಕೆಟ್ಟದಾಗಿದ್ದರೆ ಮರೆತುಬಿಡುತ್ತಿದ್ದೆ. ಅದು ಚೆನ್ನಾಗಿತ್ತು. ಕೈ ನಡುಗದ ಗೆರೆ, ಲುಂಗಿಯ ಮಡಿಕೆಯಲ್ಲಿ ಬೇಕಾದಷ್ಟೇ ನೆರಳು. ಪೆನ್ನು ಮತ್ತು ಕಪ್ಪು ಶಾಯಿಯ ಈ ಕಲೆಯನ್ನು ನಾವು ಗಂಭೀರವಾಗಿ ವಿಮರ್ಶೆ ಮಾಡಿಯೇ ಇಲ್ಲವಲ್ಲ ಎಂದು ಆಗ ಅನಿಸಿತು. ಕ್ಯಾನ್ವಾಸಿನ ಮೇಲಿನ ತೈಲವರ್ಣಕ್ಕೆ ವಿಮರ್ಶಕರಿದ್ದಾರೆ. ಹಳ್ಳಿಯ ವಾಚನಾಲಯದವರೆಗೂ ತಲುಪಿದ ರೇಖಾಚಿತ್ರಕ್ಕೆ ಮಾತ್ರ ಪುಟದ ಮೂಲೆಯಲ್ಲಿ ಸಣ್ಣಕ್ಷರದ ಒಂದು ಹೆಸರು.

ಈ ಶಾಯಿಯ ಪರಿಚಯ ನನಗಾದದ್ದು ಚಿತ್ರದಿಂದಲ್ಲ, ಅಕ್ಷರದಿಂದ. ಖಾನಾಪುರದ ಉರ್ದು ಶಾಲೆಯಲ್ಲಿ ನಮಗೆ ತಖ್ತಿ ಇತ್ತು. ಮರದ ಹಲಗೆಗೆ ಮುಲ್ತಾನಿ ಮಿಟ್ಟಿ ಬಳಿದು, ಬಿಸಿಲಿಗೆ ಒಣಗಿಸಿ, ಜೊಂಡಿನ ಕಡ್ಡಿಯ ಕಲಮಿನಿಂದ ಬರೆಯಬೇಕು. ಕಲಮಿನ ಮೂತಿಯನ್ನು ಓರೆಯಾಗಿ ಕತ್ತರಿಸಿ ಕೊಡುವುದು ಉಸ್ತಾದರ ಕೆಲಸ. ನಸ್ತಾಲೀಖ್ ಬರಹದಲ್ಲಿ ಪ್ರತಿ ಅಕ್ಷರಕ್ಕೂ ಅಳತೆ ಉಂಟು, ಅಳೆಯುವ ಕೋಲು ನುಕ್ತಾ. ಕಲಮನ್ನು ಒಮ್ಮೆ ಒತ್ತಿದರೆ ಮೂಡುವ ಆ ಚೌಕದ ಚುಕ್ಕೆ ಮೂರು ಕೂಡಿದರೆ ಅಲಿಫ್‌ನ ಎತ್ತರ. ಬರೆದದ್ದನ್ನು ಉಜ್ಜಿದರೆ ಕಲೆ ಉಳಿಯುತ್ತಿತ್ತು. ಹಲಗೆ ತೊಳೆದು ಮತ್ತೆ ಮೊದಲಿನಿಂದ. ಗೆರೆ ಎಳೆಯುವ ಮೊದಲು ಯೋಚಿಸಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಮುಂದೆ ಬೆಳಗಾವಿಯ ಕನ್ನಡ ಹೈಸ್ಕೂಲಿಗೆ ಬಂದಾಗ ದೌತಿ, ಟಾಕು ಎಲ್ಲ ಹಳೆಯ ಕಾಲದ ಮಾತಾಗಿ, ಬಾಲ್ ಪೆನ್ನು ಬಂದು ಕೂತಿತ್ತು.

ಇನ್ನೊಂದು ಮಾತು. ನಾವು ಶಾಯಿ ಎನ್ನುವುದು ಫಾರಸಿಯ ‘ಸಿಯಾಹಿ’ಯಿಂದ ಬಂದದ್ದು, ಅಂದರೆ ಕಪ್ಪು. ಉರ್ದುವಿನಲ್ಲಿ ಅದಕ್ಕೆ ಇನ್ನೊಂದು ಹೆಸರು ‘ರೋಶನಾಯಿ’. ಅದರ ಅರ್ಥ ಬೆಳಕು. ದೀಪದ ಕಾಡಿಗೆಗೆ ಅಂಟು ಬೆರೆಸಿ ಮಾಡಿದ ಕರಿದ್ರವಕ್ಕೆ ಬೆಳಕು ಎಂದು ಹೆಸರಿಟ್ಟವರ ಬಗ್ಗೆ ನನಗೆ ಬಹಳ ಗೌರವ. ಪೆನ್ನಿನ ಚಿತ್ರದಲ್ಲಿ ಬೆಳಕನ್ನು ಬರೆಯುವುದಕ್ಕೆ ಬರುವುದಿಲ್ಲ. ಕಪ್ಪನ್ನು ಎಲ್ಲಿ ಹಾಕಬಾರದು ಎಂದು ತಿಳಿದವನಿಗೆ ಬೆಳಕು ತಾನಾಗಿ ಸಿಗುತ್ತದೆ, ಅದು ಬರಿಯ ಕಾಗದ. ಜಲವರ್ಣದಲ್ಲಿ ನೀರು ಸೇರಿಸಿ ಬಣ್ಣವನ್ನು ತಿಳಿ ಮಾಡಬಹುದು. ಪೆನ್ನಿಗೆ ಆ ಅನುಕೂಲವಿಲ್ಲ. ಬೂದು ಬೇಕಾದರೆ ಗೆರೆಯ ಮೇಲೆ ಗೆರೆ ಹೆಣೆದು, ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು, ನೋಡುವವನ ಕಣ್ಣನ್ನೇ ಒಪ್ಪಿಸಬೇಕು.

ಈ ಕಲೆ ಪತ್ರಿಕೆಗಳಲ್ಲಿ ನೆಲೆ ನಿಂತದ್ದು ಸೌಂದರ್ಯದ ಕಾರಣಕ್ಕಲ್ಲ, ಖರ್ಚಿನ ಕಾರಣಕ್ಕೆ. ಮೊಳೆಯಚ್ಚಿನ ಕಾಲದಲ್ಲಿ ಚಿತ್ರವನ್ನು ಸತುವಿನ ತಗಡಿಗೆ ಇಳಿಸಿ ಆಮ್ಲದಲ್ಲಿ ಕೊರೆಸುತ್ತಿದ್ದರು. ಗೆರೆ ಉಬ್ಬಿ ನಿಲ್ಲುತ್ತಿತ್ತು, ಉಳಿದದ್ದು ತಗ್ಗು. ಅದೇ ಬ್ಲಾಕ್. ಛಾಯಾಚಿತ್ರಕ್ಕಾದರೆ ಸಣ್ಣ ಚುಕ್ಕೆಗಳ ಜಾಲರಿ ಬೇಕು, ಅಗ್ಗದ ಕಾಗದದಲ್ಲಿ ಅದು ಮಸಿ ಮೆತ್ತಿದ ಹಾಗೆ ಕಾಣುತ್ತಿತ್ತು. ಗೆರೆಚಿತ್ರ ಎಂಥ ಕಾಗದದ ಮೇಲೂ ನಿಲ್ಲುತ್ತಿತ್ತು. ಅತ್ತ ಉರ್ದು ಪತ್ರಿಕೆಗಳು ಬಹುಮಟ್ಟಿಗೆ ಕಲ್ಲಚ್ಚಿಗೂ ಕಾತಿಬರ ಕೈಬರಹಕ್ಕೂ ಅಂಟಿಕೊಂಡಿದ್ದವು. 1990ರ ದಶಕದಲ್ಲಿ ಇನ್‌ಪೇಜ್ ತಂತ್ರಾಂಶ ಬಂದು ಕಾತಿಬರ ಕಲಮನ್ನು ಕೆಳಗಿಳಿಸಿತು. ಅದೇ ಸುಮಾರಿಗೆ ಕನ್ನಡದಲ್ಲಿ ಕಂಪ್ಯೂಟರೂ ಬಣ್ಣದ ಆಫ್‌ಸೆಟ್ಟೂ ಕಥೆಯ ಚಿತ್ರಕಾರರ ಪೆನ್ನನ್ನು ಬದಿಗೆ ಸರಿಸತೊಡಗಿದವು. ಇಬ್ಬರೂ ಒಂದೇ ಶಾಯಿಯವರು, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗಲಿಲ್ಲ.

ನಾವು ಸುಧಾ, ಮಯೂರ, ತುಷಾರ, ಹುಬ್ಬಳ್ಳಿಯ ಕಸ್ತೂರಿ ಓದಿ ಬೆಳೆದವರು. ಕಥೆಗಿಂತ ಮೊದಲು ಚಿತ್ರ ನೋಡುತ್ತಿದ್ದೆವು. ಚಂದ್ರನಾಥ ಆಚಾರ್ಯರಂಥವರು ಕಥೆಯ ಚಿತ್ರವೆಂದರೆ ಕಥೆಯ ಸಾರಾಂಶವಲ್ಲ, ಅದರ ಜೊತೆ ನಡೆಯುವ ಇನ್ನೊಂದು ಕಥೆ ಎಂದು ತೋರಿಸಿದರು. ಅದೇ ಕಾಲಕ್ಕೆ ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಸಾರಾ ಅಬೂಬಕ್ಕರ್ ನಮ್ಮ ಮನೆಗಳ ಒಳಗನ್ನು ಕನ್ನಡದ ಓದುಗರಿಗೆ ತೆರೆದರು. ಮಾತು ಒಳಗೆ ಬಂತು. ಆದರೆ ಗೆರೆ ಅನೇಕ ಸಲ ಹೊಸ್ತಿಲಲ್ಲೇ ನಿಂತಿತು. ಮನೆಯ ಒಳಗನ್ನು ಕಾಣದ ಕಲಾವಿದ ಬುರ್ಖಾ ಬರೆದ, ಮಿನಾರು ಬರೆದ. ಅವನೊಬ್ಬನನ್ನೇ ದೂರುವುದು ಸರಿಯಲ್ಲ. ಸಂಜೆಯೊಳಗೆ ಚಿತ್ರ ಕೊಡಬೇಕು, ಕಥೆಯನ್ನು ಪೂರ್ತಿ ಓದಲು ಪುರುಸೊತ್ತಿಲ್ಲ, ಸಂಭಾವನೆ ಹೇಳಿಕೊಳ್ಳುವಂಥದ್ದಲ್ಲ. ಮೇಲಾಗಿ ಪೆನ್ನಿನ ಗೆರೆಗೇ ಒಂದು ಆಸೆ ಇದೆ. ಕಡಿಮೆಯಲ್ಲಿ ಗುರುತು ಹಿಡಿಸುವ ಆಸೆ. ಅದು ಈ ಮಾಧ್ಯಮದ ಶಕ್ತಿ. ಕಣ್ಣು ಸೋಮಾರಿಯಾದರೆ ಅದೇ ಅದರ ರೋಗ.

ಆರ್.ಕೆ. ಲಕ್ಷ್ಮಣ್ ಅವರನ್ನು ಈ ಬೆಳಕಿನಲ್ಲಿ ನೋಡಬೇಕು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ವಿದ್ಯಾರ್ಥಿಯಾಗಿದ್ದಾಗಲೇ ಅಣ್ಣ ನಾರಾಯಣ್ ಕಥೆಗಳಿಗೆ ಚಿತ್ರ ಬರೆದರು, ನಮ್ಮ ‘ಕೊರವಂಜಿ’ಗೂ ಬರೆದರು. ಬ್ರಷ್ಷಿನಿಂದಲೂ ಕರಿಶಾಯಿ ಹರಿಸಿದವರು ಅವರು. ಮಾಲ್ಗುಡಿಯ ಬೀದಿ, ಜಗಲಿ, ದೀಪದ ಕಂಬಗಳಲ್ಲಿ ಮೈಸೂರಿನ ಹುಡುಗನ ಕಣ್ಣಿದೆ. ಅವರ ಕಾಗೆಗಳನ್ನು ನೋಡಿ. ಕಾಗೆ ಎಂದರೆ ಎಲ್ಲರಿಗೂ ಕಪ್ಪು, ಅಷ್ಟೇ. ಅವರಿಗೆ ಮಾತ್ರ ಒಂದೊಂದು ಕಾಗೆಗೂ ಒಂದೊಂದು ಕತ್ತಿನ ಓರೆ, ಒಂದೊಂದು ಸಂಶಯ. ‘ಶ್ರೀಸಾಮಾನ್ಯ’ನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಮೊದಮೊದಲು ಬಂಗಾಳಿ, ಪಂಜಾಬಿ, ತಮಿಳ ಎಂದು ಬೇರೆ ಬೇರೆ ಪ್ರಾಂತದವರನ್ನು ಗುಂಪಾಗಿ ಬರೆಯುತ್ತಿದ್ದ ಲಕ್ಷ್ಮಣ್ ಗಡುವಿನ ಒತ್ತಡದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತ ಬಂದು ಕೊನೆಗೆ ಒಬ್ಬನನ್ನು ಉಳಿಸಿಕೊಂಡರು. ಉಳಿದವನು ಧೋತರ, ಚೌಕಳಿ ಕೋಟಿನ ಮುದುಕ. ಅವನಿಗೂ ಉಡುಪಿದೆ, ಪ್ರಾಂತವಿದೆ, ಹುಡುಕಿದರೆ ಜಾತಿಯೂ ಸಿಕ್ಕೀತು. ಆದರೂ ಅವನನ್ನು ‘ಎಲ್ಲರೂ’ ಎಂದು ದೇಶ ಒಪ್ಪಿತು. ಟಿಕೆಟ್ ಗುಮಾಸ್ತ ರಝಾಕನನ್ನು ಯಾರೂ ‘ಎಲ್ಲರೂ’ ಎಂದು ಓದುವುದಿಲ್ಲ. ನೋಡುವವನಿಗೆ ಗುರುತು ಬೇಕಿಲ್ಲ, ನೋಡಿಸಿಕೊಳ್ಳುವವನಿಗೆ ಮಾತ್ರ ಬೇಕು. ಇದನ್ನು ಲಕ್ಷ್ಮಣ್ ಮೇಲಿನ ಆರೋಪ ಎಂದು ತಿಳಿಯಬಾರದು. ಇಂಥ ಒಬ್ಬನನ್ನು ಮಾತಿಲ್ಲದೆ ಅಷ್ಟು ವರ್ಷ ನಿಲ್ಲಿಸಿದ ಗೆರೆಗೆ ನಾನೂ ಸಲಾಂ ಹಾಕಿದವನೇ.

ಇನ್ನು ನಮ್ಮ ಘಟ್ಟದ ಕೆಳಗಿನವರು, ಮಾರಿಯೋ ಮಿರಾಂಡಾ. ಹುಟ್ಟಿದ್ದು 1926ರಲ್ಲಿ ದಮನ್‌ನಲ್ಲಿ, ಮನೆ ಗೋವೆಯ ಲೌಟೊಲಿಂ, ಓದಿದ್ದರಲ್ಲಿ ಒಂದಷ್ಟು ಬೆಂಗಳೂರು. ಖಾನಾಪುರದಿಂದ ಗೋವೆ ಎಷ್ಟು ಹತ್ತಿರವೆಂದರೆ ಮೀನೂ ಜಗಳವೂ ಅದೇ ದಿನ ತಾಜಾ ಬಂದು ಮುಟ್ಟುತ್ತವೆ. ಮಾರಿಯೋ ಪುಟದಲ್ಲಿ ಜಾಗ ಖಾಲಿ ಇರುವುದೇ ಇಲ್ಲ. ಬಸ್ಸು, ಹೆಂಡದಂಗಡಿ, ಮೀನುಗಾರ್ತಿ, ಪಾದ್ರಿ, ಬಾಲ್ಕನಿಯ ಮುದುಕಿ, ಕಾಲಡಿಯ ನಾಯಿ. ಅವರೂ ಗುರುತಿನ ಮನುಷ್ಯರನ್ನೇ ಬರೆದರು. ಮೂಗು ಉದ್ದ, ಹೊಟ್ಟೆ ದುಂಡು. ಆದರೆ ಆ ಪಾದ್ರಿ ಅವರ ಊರಿನ ಪಾದ್ರಿ. ಎಳೆಯ ವಯಸ್ಸಿನಲ್ಲೇ ಅವರು ದಿನಚರಿಯನ್ನು ಚಿತ್ರಗಳಲ್ಲಿ ಬರೆದಿಟ್ಟರು, ಅವು ಮುಂದೆ ಪುಸ್ತಕವಾದವು. ಅಲ್ಲಿ ನೋಡಿದರೆ ಗುಂಪಿನ ನಡುವೆ ಮಾರಿಯೋ ಕೂಡ ನಿಂತಿರುತ್ತಾರೆ. ತಾನೂ ಗುಂಪಿನಲ್ಲಿರುವವನು ಮಾಡುವ ನಗೆಗೂ ಕಿಟಕಿಯಾಚೆಯಿಂದ ಮಾಡುವ ನಗೆಗೂ ವ್ಯತ್ಯಾಸವಿದೆ. ಅದು ಗೆರೆಯಲ್ಲೇ ತಿಳಿಯುತ್ತದೆ.

ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಇದಕ್ಕೆ ಪೂರಾ ಬೇರೆ. ಗುರುತುಗಳನ್ನೆಲ್ಲ ಕಳಚಿ, ನರ್ತಕಿಯ ಮೈ ತಿರುಗುವ ಲಯವನ್ನಷ್ಟೇ ಒಂದೆರಡು ಗೆರೆಗಳಲ್ಲಿ ಹಿಡಿದರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’, ಹಾಡುವ ಗೆರೆ. ಸುಂದರ, ನಿಜ. ಕಥೆ ಬರೆಯುವವನಾದ ನನಗೆ ಅಲ್ಲಿ ಮುಖ ಸಿಗುವುದಿಲ್ಲ ಎಂಬ ಸಣ್ಣ ಕೊರತೆ. ಅದು ನನ್ನ ಮಿತಿ ಇದ್ದೀತು.

ಬೆಳಗಾವಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಆಸ್ತಿ ಇದೆ. ವ್ಯಕ್ತಿಚಿತ್ರಕ್ಕೆ ಹೆಸರಾದ ಕೆ.ಬಿ. ಕುಲಕರ್ಣಿಯವರು ಇಲ್ಲಿ ಚಿತ್ರಮಂದಿರ ನಡೆಸಿ ಹುಡುಗರನ್ನು ತಯಾರು ಮಾಡಿದರು. 1935ರಲ್ಲಿ ಇಲ್ಲೇ ಹುಟ್ಟಿದ ರವಿ ಪರಾಂಜಪೆ ಅವರ ಶಿಷ್ಯರು. ಮುಂಬೈಯ ಜಾಹೀರಾತು ಲೋಕ, ನೈರೋಬಿ, ಪುಣೆ ಎಂದು ಸುತ್ತಿ 2022ರಲ್ಲಿ ತೀರಿಕೊಂಡರು. ಮರಾಠಿಯಲ್ಲಿ ಬರೆದ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಬ್ರಶ್ ಮೈಲೇಜ್’. ಕೈ ಎಷ್ಟು ಮೈಲಿ ಓಡಿದೆ ಎಂಬ ಲೆಕ್ಕ. ಗಡಿಯ ಎರಡೂ ಬದಿಯವರು ಬೆಳಗಾವಿಯ ಬೋರ್ಡುಗಳ ಅಕ್ಷರಕ್ಕೆ ಕರಿಮಸಿ ಬಳಿಯುವುದನ್ನು ನೋಡುತ್ತ ಬೆಳೆದವನು ನಾನು. ಅದೇ ಮಸಿಯಿಂದ ಬೇರೆ ಕೆಲಸವನ್ನೂ ಮಾಡಿದ ಮೇಷ್ಟ್ರು, ಶಿಷ್ಯ ಈ ಊರಲ್ಲೇ ಇದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎಷ್ಟು ಮಸಿ ವ್ಯರ್ಥವಾಯಿತೋ!

ಈಚೆಗೆ ಖಾನಾಪುರಕ್ಕೆ ಹೋಗಿದ್ದೆ. ತಂಗಿಯ ಮಗಳು ಬೆಳಗಾವಿಯಲ್ಲಿ ಕಾಲೇಜು ಓದುತ್ತಾಳೆ. ಸ್ಟೇಷನರಿ ಅಂಗಡಿಯ ಸಣ್ಣ ಮೊನೆಯ ಕರಿ ಪೆನ್ನಿನಲ್ಲಿ ಚಿತ್ರ ಬರೆಯುತ್ತಾಳೆ. ಮೊದಲು ಹೊಳೆ ಬರೆದಳು, ಹಂಚಿನ ಮನೆ ಬರೆದಳು, ಕುಂಬಾರರ ಮಡಿಕೆಗಳನ್ನು ಬರೆದಳು. ಈಗ ಅಬ್ಬಾನನ್ನು, ಅಂದರೆ ಅವಳ ನಾನಾನನ್ನು, ಜಗಲಿಯಲ್ಲಿ ಕೂರಿಸಿಕೊಂಡಿದ್ದಳು. ಅಬ್ಬಾನಿಗೆ ಗಡ್ಡ ಇದೆ, ಟೋಪಿ ಇದೆ. ನಾನು ಹಿಂದೆ ನಿಂತು ನೋಡಿದೆ. ಟೋಪಿಯ ಎಡಬದಿಯಲ್ಲಿ ದಾರ ಬಿಟ್ಟು, ಅಮ್ಮ ಬೇರೆ ಬಣ್ಣದ ನೂಲಿನಿಂದ ಹೊಲಿದ ಜಾಗವನ್ನು ಹುಡುಗಿ ಗೆರೆಯ ದಿಕ್ಕು ಬದಲಿಸಿ ತೋರಿಸಿದ್ದಳು. ಗಡ್ಡಕ್ಕೆ ಎರಡು ಮಧ್ಯಾಹ್ನ ತೆಗೆದುಕೊಂಡಳು. ಬಲಗೆನ್ನೆಯಲ್ಲಿ ಸುಟ್ಟ ಗಾಯದ ಮೇಲೆ ಕೂದಲು ಬೆಳೆಯದ ಚೂರು ಹಾಗೇ ಕಾಗದದ ಬಿಳಿ.

“ಅಲ್ಲಿ ತುಂಬಿಸಲಿಲ್ಲ ಏಕೆ?” ಎಂದೆ.

“ಅಲ್ಲಿ ಇಲ್ಲವಲ್ಲ ಮಾಮೂ,” ಎಂದಳು, ತಲೆ ಎತ್ತದೆ.