ಕೋಡ್ ಬರೆಯುವವರ ತರತಮ

ವೆಬ್ ಕೆಲಸಕ್ಕೆ ಪ್ರೋಗ್ರಾಮರುಗಳು ಬೇಕೆಂದು ಬೆಂಗಳೂರಿನ ಕಂಪನಿಗಳು ಹೊರಡಿಸುವ ಪ್ರಕಟಣೆಗಳಲ್ಲಿ ಉಪಕರಣಗಳ ನಾಮಾವಳಿಯೂ ಅನುಭವದ ವರ್ಷಗಣನೆಯೂ ಎಷ್ಟು ವಿಸ್ತಾರವಾಗಿರುವುವೋ, ಅಭ್ಯರ್ಥಿಯಿಂದ ಯಾವ ಬಗೆಯ ವಿವೇಚನೆಯನ್ನು ಬಯಸಲಾಗಿದೆಯೆಂಬ ಮಾತು ಅಷ್ಟೇ ವಿರಳವಾಗಿರುವುದು. 2006ರಲ್ಲಿ ಬಂದ ಜೆಕ್ವೆರಿ ಆ ನಾಮಾವಳಿಯಲ್ಲಿ ಬಹುಕಾಲ ರಾರಾಜಿಸಿತು; 2013ರಲ್ಲಿ ಬಹಿರಂಗಗೊಂಡ ರಿಯಾಕ್ಟ್ ಈಗ ಅಲ್ಲಿ ವಿರಾಜಮಾನವಾಗಿದೆ; ಆದರೆ ಇವೆರಡಕ್ಕೂ ಆಧಾರವಾದ, 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಮೊದಲ ರೂಪವನ್ನು ಕೊಟ್ಟ ಜಾವಾಸ್ಕ್ರಿಪ್ಟ್ ಭಾಷೆಯನ್ನು ಅಭ್ಯರ್ಥಿಯು ಎಷ್ಟು ಬಲ್ಲನೆಂಬುದನ್ನು ಆ ಹೆಸರುಗಳು ತಿಳಿಸಲಾರವು.

ಅದನ್ನು ತಿಳಿಯಲು ಸಂದರ್ಶನಗಳಲ್ಲಿ ಕೊಡುವ ಫಿಜ್‌ಬಜ್ ಎಂಬ ಪ್ರಸಿದ್ಧ ಪರೀಕ್ಷೆಯೊಂದುಂಟು. 1ರಿಂದ 100ರವರೆಗೆ ಎಣಿಸುತ್ತ, 3ರಿಂದ ಭಾಗವಾಗುವ ಸಂಖ್ಯೆಗೆ ‘ಫಿಜ್’ ಎಂದೂ 5ರಿಂದ ಭಾಗವಾಗುವುದಕ್ಕೆ ‘ಬಜ್’ ಎಂದೂ ಎರಡರಿಂದಲೂ ಭಾಗವಾಗುವುದಕ್ಕೆ ಎರಡನ್ನೂ ಕೂಡಿಸಿ ಹೇಳಬೇಕು. 3ನ್ನು ಮೊದಲು ವಿಚಾರಿಸಿ ಅಲ್ಲಿಯೇ ನಿಂತುಬಿಡುವ ಪ್ರೋಗ್ರಾಮು 15ರಲ್ಲಿ ಎಡವುವುದು. ಕೋಡ್ ಬಾರದವರನ್ನು ಗುರುತಿಸಲು ಇಷ್ಟು ಸಾಕು. ಬರುವವರೊಳಗಿನ ತರತಮವನ್ನು ಇದು ಕಾಣಿಸದು.

ನನಗೆ ಮೆಚ್ಚಿನ ಪ್ರಶ್ನೆ ಬೇರೆ. ಆನ್‌ಲೈನಿನಲ್ಲಿ ಹಣ ಕಟ್ಟುವವರು ಗುಂಡಿಯನ್ನು ಆತುರದಿಂದ ಎರಡು ಸಲ ಒತ್ತಿದರೆ ಹಣವೂ ಎರಡು ಸಲ ಹೋಗದಂತೆ ತಡೆಯುವುದು ಹೇಗೆ? ಮೊದಲ ಒತ್ತಿಗೇ ಗುಂಡಿಯನ್ನು ನಿಷ್ಕ್ರಿಯಗೊಳಿಸುವೆನೆಂಬ ಉತ್ತರವು ಫ್ರೆಷರ್‌ಗೆ ಯೋಗ್ಯವೇ ಆದರೂ, ಅದರ ದೃಷ್ಟಿ ಬ್ರೌಸರಿನ ಆಚೆಗೆ ಹರಿಯದು. ಬ್ರೌಸರಿನಿಂದ ಬಂದುದನ್ನು ಹಾಗೆಯೇ ನಂಬಲಾಗದಾದುದರಿಂದ ಸರ್ವರಿನಲ್ಲಿಯೂ ಪರೀಕ್ಷಿಸಬೇಕೆನ್ನುವವರು ಒಂದು ಮೆಟ್ಟಿಲು ಮೇಲೆ. ಹಣ ಸಂದ ಮೇಲೆಯೂ ಅದರ ಸುದ್ದಿ ಮರಳುವ ಮುನ್ನ ಸಂಪರ್ಕ ಕಡಿದುಹೋದರೆ ಗ್ರಾಹಕರು ಪುನಃ ಯತ್ನಿಸುವರೆಂದೂ, ಎರಡು ಕೋರಿಕೆಗಳು ಏಕಕಾಲದಲ್ಲಿ ಬಂದರೆ ‘ಈ ಮೊದಲೇ ಸಂದಿದೆಯೇ’ ಎಂಬ ಪರೀಕ್ಷೆಯನ್ನು ಎರಡೂ ದಾಟಿಬಿಡಬಹುದೆಂದೂ, ಆದಕಾರಣ ಪ್ರತಿಯೊಂದು ಪಾವತಿಗೂ ಮೊದಲೇ ಒಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು ಅದು ಡೇಟಾಬೇಸಿನಲ್ಲಿ ಎರಡನೆಯ ಬಾರಿ ದಾಖಲಾಗದಂತೆ ನಿರ್ಬಂಧಿಸಬೇಕೆಂದೂ ತಾವಾಗಿಯೇ ವಿಚಾರವನ್ನು ಬೆಳೆಸುತ್ತ ಹೋಗುವವರನ್ನು ಸೀನಿಯರ್ ಎಂದು ಕರೆಯಲು ನಾನು ಹಿಂಜರಿಯೆನು. ಅನೇಕ ವರ್ಷ ದುಡಿದೂ ಮೊದಲ ಉತ್ತರದಲ್ಲಿಯೇ ತೃಪ್ತರಾದವರನ್ನೂ, ಎರಡೇ ವರ್ಷಗಳಲ್ಲಿ ಮೂರನೆಯದನ್ನು ಮುಟ್ಟಿದವರನ್ನೂ ಕಂಡಿದ್ದೇನೆ.

ಆದರೆ ಈಗತಾನೆ ಕಾಲೇಜಿನಿಂದ ಬಂದವರಲ್ಲಿ ಈ ಮೂರನೆಯದನ್ನು ಅಪೇಕ್ಷಿಸಿ, ಹೊಳೆಯಲಿಲ್ಲವೆಂದು ಹಿಂದಕ್ಕೆ ಕಳುಹಿಸುವುದು ಅನ್ಯಾಯವೇ ಸರಿ. ಹಣ ಎರಡು ಸಲ ಹೋಗಿದೆಯೆಂಬ ದೂರು ಬಂದಾಗ ಬ್ರೌಸರಿನ ನೆಟ್‌ವರ್ಕ್ ಪುಟವನ್ನು ತೆರೆದು ಎಷ್ಟು ಕೋರಿಕೆಗಳು ಹೊರಟವೆಂದು ನೋಡಲು ಬಲ್ಲವರಾದರೆ, ಸರ್ವರಿನ ಲಾಗ್ ಎಲ್ಲಿದೆಯೆಂದು ಸಂಕೋಚವಿಲ್ಲದೆ ಕೇಳಿ ಓದಬಲ್ಲವರಾದರೆ, ಅಂಥವರನ್ನು ಸಂತೋಷದಿಂದ ತೆಗೆದುಕೊಳ್ಳಬಹುದು. ಉಳಿದುದನ್ನು ಕಲಿಸುವ ಹೊಣೆ ಪಕ್ಕದಲ್ಲಿ ಕುಳಿತ ಸೀನಿಯರಿನದು.