ಮಡಚುವ ಚೂರಿಯ ಬೆಲೆ ಎಲ್ಲಿದೆ?

ಪುಂಜಾಲಕಟ್ಟೆ ಸುತ್ತಮುತ್ತ ತೋಟಕ್ಕೆ ಇಳಿಯುವವರ ಕಿಸೆಯಲ್ಲಿ ಮಡಚುವ ಚೂರಿ ಇರುವುದು ಹೊಸ ಸಂಗತಿಯಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಕರಿಮೆಣಸಿನ ಬಳ್ಳಿ ಕೊಯ್ಯಲು, ಸ್ಪ್ರಿಂಕ್ಲರ್ ಪೈಪ್ ತುಂಡರಿಸಲು ಅದು ಬೇಕೇ ಬೇಕು. ಈಗೀಗ ಅದೇ ಕಿಸೆಗೆ ದುಬಾರಿ ಚೂರಿಗಳೂ ಬರತೊಡಗಿವೆ. ಕೊಲ್ಲಿಯಿಂದ ರಜೆಗೆ ಬಂದ ಮಗ ಸ್ವಿಸ್ ಚೂರಿ ತರುತ್ತಾನೆ. ಕಾಲೇಜು ಮುಗಿಸಿದ ಹುಡುಗ ಟೈಟಾನಿಯಂ ಹಿಡಿಯ ಚೂರಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ಕೇಳುತ್ತಾನೆ: ಮುನ್ನೂರು ರೂಪಾಯಿಯ ಚೂರಿಯೂ ಕೊಯ್ಯುತ್ತದೆ, ಮೂವತ್ತು ಸಾವಿರದ್ದೂ ಕೊಯ್ಯುತ್ತದೆ, ಹಾಗಾದರೆ ನಡುವಿನ ಹಣ ಎಲ್ಲಿಗೆ ಹೋಯಿತು?

ಉತ್ತರ ಬೇಕಾದರೆ ಮೊದಲು ಚೂರಿಯನ್ನು ನೋಡಬೇಡಿ, ಅದು ಕೊಯ್ದ ಮೈಯನ್ನು ನೋಡಿ. ಅದಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೂ ನರ್ಸರಿಯಲ್ಲಿ ಮಳೆಗಾಲದ ಒಂದು ಬೆಳಗ್ಗೆ ಕಸಿ ಕಟ್ಟುವವರ ಪಕ್ಕ ಕುಳಿತರೆ ಸಾಕು. ಚೂರಿಯ ಗುಣವನ್ನು ಇಷ್ಟು ನಿಷ್ಠುರವಾಗಿ ಪರೀಕ್ಷಿಸುವ ಕೆಲಸ ನಮ್ಮಲ್ಲಿ ಬೇರೊಂದಿಲ್ಲ.

ಗೇರಿನ ಮೃದುಕಾಂಡ ಕಸಿಯನ್ನೇ ತೆಗೆದುಕೊಳ್ಳಿ. ಪುತ್ತೂರಿನಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಶುರುವಾದ ಮೇಲೆ ಈ ವಿಧಾನ ನಮ್ಮ ನರ್ಸರಿಗಳಲ್ಲಿ ಮನೆಮಾತಾಗಿದೆ. ಬೀಜದಿಂದ ಎದ್ದ, ಸುಮಾರು ಎರಡು ತಿಂಗಳ ಗಿಡದ ತಲೆಯನ್ನು ಬುಡದಿಂದ ಒಂದು ಗೇಣಿನಷ್ಟು ಮೇಲೆ ಕಡಿದು, ಕಾಂಡದ ನಡುವೆ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಸೀಳುತ್ತಾರೆ. ತಾಯಿಮರದಿಂದ ತಂದ ಪೆನ್ಸಿಲ್ ದಪ್ಪದ ಕಡ್ಡಿಯ ಬುಡವನ್ನು ಎರಡೂ ಮಗ್ಗುಲಿನಿಂದ ಬೆಣೆಯಂತೆ ಕೆತ್ತಿ ಆ ಸೀಳಿಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ತೊಗಟೆಯ ಕೆಳಗಿನ ತೆಳು ಹಸಿರು ಪದರಕ್ಕೆ ಪದರ ಕೂಡಿದರೆ ಮಾತ್ರ ಕಸಿ ಹಿಡಿಯುತ್ತದೆ. ಕೆತ್ತಿದ ಮೈ ಒಂದಿಷ್ಟು ಗುಂಡಗಾದರೂ, ಅಲೆಅಲೆಯಾದರೂ ನಡುವೆ ಗಾಳಿ ಉಳಿಯುತ್ತದೆ, ಕಡ್ಡಿ ಒಣಗುತ್ತದೆ.

ಒಳ್ಳೆಯ ಚೂರಿಯಲ್ಲಿ ಪಳಗಿದ ಕೈ ಆ ಬೆಣೆಯನ್ನು ಒಂದು ಮಗ್ಗುಲಿಗೆ ಒಂದೇ ಎಳೆತದಲ್ಲಿ ಕೆತ್ತುತ್ತದೆ. ಆ ಕಡ್ಡಿಯನ್ನು ಇಸಿದುಕೊಂಡು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೆತ್ತಿದ ಮೈ ಒದ್ದೆಯಾಗಿ ಒಂದೇ ಸಮನೆ ಹೊಳೆಯಬೇಕು, ಅಡ್ಡಗೆರೆ ಕಾಣಬಾರದು, ತೊಗಟೆಯ ಅಂಚಿನಲ್ಲಿ ನಾರು ಎದ್ದಿರಬಾರದು. ಉದ್ದಕ್ಕೆ ಒಂದು ಸಣ್ಣ ಗೀರು ಕಂಡರೆ ಅಲಗಿನ ಬಾಯಿಯಲ್ಲಿ ಎಲ್ಲೋ ಮುಕ್ಕಿದೆ ಎಂದರ್ಥ. ಮೈ ಮಸುಕಾಗಿದ್ದು ನಾರು ಕಿತ್ತು ಬಂದಿದ್ದರೆ ಚೂರಿ ಕೊಯ್ದಿಲ್ಲ, ಹರಿದಿದೆ. ಚೂರಿ ಪ್ರಿಯರು ಮಾಡುವ ಪೇಪರ್ ಕೊಯ್ಯುವ ಪರೀಕ್ಷೆಗಿಂತ ಹಸಿ ಕಡ್ಡಿಯ ಈ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ.

ಇಲ್ಲಿಂದ ಅಲಗಿನ ಆಕಾರಕ್ಕೆ ಬನ್ನಿ. ಕಸಿಗೆಂದೇ ಮಾಡಿದ ಮಡಚು ಚೂರಿಗಳಲ್ಲಿ ಹಲವು ಒಂದೇ ಮಗ್ಗುಲಿಗೆ ಮಸೆದವು. ಇನ್ನೊಂದು ಮಗ್ಗುಲು ಪೂರ್ತಿ ಚಪ್ಪಟೆ. ಚಪ್ಪಟೆ ಮಗ್ಗುಲು ಮರದ ಮೇಲೆ ಕೂತು ಜಾರುವುದರಿಂದ ಕೊಯ್ತ ನೇರವಾಗಿ ಬರುತ್ತದೆ. ಜರ್ಮನಿಯ ರಾಯ್ಟ್‌ಲಿಂಗೆನ್ ಊರಿನಲ್ಲಿ 1854ರಿಂದ ಚೂರಿ ಮಾಡುತ್ತಿರುವ ಟಿನಾ ಕಂಪನಿಯ ಕಸಿ ಚೂರಿಗಳು ಈ ವರ್ಗದಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿವೆ: ಇಂಗಾಲದ ಉಕ್ಕಿನ ಅಲಗು, ವಾಲ್ನಟ್ ಮರದ ಹಿಡಿ, ಒಳಗೆ ಹಿತ್ತಾಳೆಯ ತಗಡು. ಹೊರಗಿನಿಂದ ನೋಡಿದರೆ ಬಹಳ ಸಾದಾ. ಎಡಚರು ಕೊಳ್ಳುವಾಗ ಎಡಗೈಯದ್ದನ್ನೇ ಕೇಳಿ ಪಡೆಯಬೇಕು, ಬಲಗೈಯದು ಅವರಿಗೆ ಎಂದೂ ಒಗ್ಗುವುದಿಲ್ಲ. ಕಣ್ಣು ಕಸಿಯ ಚೂರಿಯಲ್ಲಿ ತೊಗಟೆ ಎಬ್ಬಿಸಲು ಒಂದು ಮೊಂಡು ನಾಲಿಗೆಯೂ ಇರುತ್ತದೆ. ಗುಲಾಬಿ, ರಬ್ಬರ್ ಕಣ್ಣು ಕೂರಿಸುವವರಿಗೆ ಅದರ ಬೆಲೆ ಗೊತ್ತು.

ದಿನಬಳಕೆಯ ಚೂರಿಗೆ ಎರಡೂ ಮಗ್ಗುಲು ಮಸೆದ ಅಲಗೇ ಸರಿ. ಅಲ್ಲಿ ನೋಡಬೇಕಾದದ್ದು ದಪ್ಪ. ಬೆನ್ನು ಎರಡು, ಎರಡೂವರೆ ಮಿಲಿಮೀಟರ್ ಇದ್ದು ಬಾಯಿಯ ಕಡೆಗೆ ಹದವಾಗಿ ತೆಳುವಾಗುತ್ತಾ ಬಂದರೆ ಕಾಟುಮಾವಿನ ಕಾಯಿಯ ಹೋಳು ಸಲೀಸಾಗಿ ಬೀಳುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ, ನೋಡಲು ಗಡುಸಾದ ಅಲಗುಗಳು ಈಗ ಬಹಳ ಮಾರಾಟವಾಗುತ್ತಿವೆ. ಅವು ಕಾಯಿಯನ್ನು ಕೊಯ್ಯುವುದಿಲ್ಲ, ಸೀಳುತ್ತವೆ. ಅಂಥ ಚೂರಿಗೆ ಎಷ್ಟೇ ಬೆಲೆಯ ಉಕ್ಕು ಹಾಕಿದ್ದರೂ ನಾನು ಕಡಿಮೆ ಅಂಕವನ್ನೇ ಕೊಡುತ್ತೇನೆ.

ಉಕ್ಕಿನ ವಿಷಯದಲ್ಲಿ ಹೊಸಬರು ಹೆಸರುಗಳ ಹಿಂದೆ ಬೀಳುತ್ತಾರೆ. ಹೆಸರು ಅರ್ಧ ಮಾತ್ರ, ಇನ್ನರ್ಧ ಹದ. ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸುವ ಕೆಲಸದಲ್ಲಿ ತಪ್ಪಿದರೆ ಉತ್ತಮ ಉಕ್ಕೂ ಬಾಯಿ ನಿಲ್ಲಿಸದು. ನಮ್ಮ ಕುಲುಮೆಯ ಆಚಾರಿಗಳು ಕತ್ತಿಯ ಹದವನ್ನು ಅರದಿಂದ ತಿಳಿಯುತ್ತಾರೆ: ಅರ ಕಚ್ಚಿದರೆ ಮೆದು, ಜಾರಿದರೆ ಗಡಸು. ಕಾರ್ಖಾನೆಯವರು ಅದನ್ನೇ ರಾಕ್‌ವೆಲ್ ಅಂಕಿಯಲ್ಲಿ ಹೇಳುತ್ತಾರೆ. ಸ್ವಿಸ್ ಚೂರಿ ಮಾಡುವ ವಿಕ್ಟೊರಿನಾಕ್ಸ್‌ನ ಅಲಗು ಸುಮಾರು 56ರಲ್ಲಿ ನಿಲ್ಲುತ್ತದೆ. ಬೇಗ ಮೊಂಡಾದರೂ ಯಾವುದೇ ಮಸೆಕಲ್ಲಿನಲ್ಲಿ ಐದು ನಿಮಿಷಕ್ಕೆ ಬಾಯಿ ಮರಳುತ್ತದೆ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರ ಹೊತ್ತಿಗೆ ಹೊರತಂದ ಎಸ್30ವಿಯಂಥ ಪುಡಿ ಉಕ್ಕುಗಳು 60ರ ಆಸುಪಾಸಿನವು. ಎಸ್30ವಿಯಲ್ಲಿ ಶೇ. 4ರಷ್ಟು ವನೇಡಿಯಂ ಇದೆ. ಬಾಯಿ ಬಹಳ ದಿನ ನಿಲ್ಲುತ್ತದೆ, ಆದರೆ ಒಮ್ಮೆ ಹೋದರೆ ಮನೆಯ ಕಲ್ಲಿಗೆ ಸುಲಭವಾಗಿ ಬಗ್ಗದು. ವಜ್ರದ ಪುಡಿ ಕೂರಿಸಿದ ಪಟ್ಟಿ ಬೇಕು. ಮಸೆಯಲು ಬಾರದವರು ಇಂಥ ಚೂರಿಗೆ ಹಣ ಹಾಕುವುದು ವ್ಯರ್ಥ.

ನಮ್ಮ ಸೀಮೆಯ ಲೆಕ್ಕ ಇನ್ನೊಂದಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಾಗ ಇದು. ಇಂಗಾಲದ ಉಕ್ಕು ಬಾಯಿ ಹಿಡಿಯುವುದರಲ್ಲಿ ಚಂದ, ಆದರೆ ಆಟಿ ತಿಂಗಳಲ್ಲಿ ಒರೆಸದೆ ಒಂದು ರಾತ್ರಿ ಬಿಟ್ಟರೆ ಕೆಂಪಾಗುತ್ತದೆ. ಹಸಿ ಅಡಿಕೆ, ಗೇರಿನ ಕಾಂಡ, ಮಾವು ಕೊಯ್ದಾಗ ಅದು ಕಪ್ಪುನೀಲಿ ಬಣ್ಣಕ್ಕೆ ತಿರುಗುವುದು ಬೇರೆಯೇ ಸಂಗತಿ. ಒಗರಿನ ರಸ ಕಬ್ಬಿಣದೊಂದಿಗೆ ಸೇರಿ ಮೂಡುವ ಆ ಕಪ್ಪು ಅಲಗನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ. ಉಜ್ಜಿ ಬೆಳ್ಳಗೆ ಮಾಡಬೇಡಿ. ಕೆಂಪು ಮಾತ್ರ ಶತ್ರು. ಹಲಸು ಕೊಯ್ಯುವ ಮೊದಲು ಅಲಗಿಗೆ ತೆಂಗಿನೆಣ್ಣೆ ಸವರುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮಡಚುವ ಚೂರಿಯಲ್ಲಿ ಮೇಣ ಕೀಲಿನೊಳಗೂ ಇಳಿಯುತ್ತದೆ, ಅಲ್ಲಿಗೂ ಒಂದು ತೊಟ್ಟು ಬಿಡಿ.

ಇನ್ನು ಕೀಲು. ಮಡಚುವ ಚೂರಿಯ ಬೆಲೆಯ ದೊಡ್ಡ ಪಾಲು ಇಲ್ಲಿ ಅಡಗಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದವರು ಕಂಬದ ಕೆತ್ತನೆ ನೋಡುತ್ತಾರೆ, ಕಲ್ಲುಕುಟಿಗ ಕಲ್ಲಿಗೆ ಕಲ್ಲು ಕೂಡಿದ ಜಾಗ ನೋಡುತ್ತಾನೆ. ಚೂರಿಯನ್ನೂ ಹಾಗೇ ನೋಡಿ. ಮಡಚಿಟ್ಟು ಬೆಳಕಿಗೆ ಹಿಡಿಯಿರಿ: ಅಲಗು ಎರಡು ಮಗ್ಗುಲ ತಗಡಿನ ನಟ್ಟನಡುವೆ ಕೂತಿರಬೇಕು, ಯಾವ ಕಡೆಗೂ ತಾಗಬಾರದು. ಬಿಚ್ಚಿ, ಬೆನ್ನನ್ನು ಹಿಡಿದು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಮೆಲ್ಲ ಅಲುಗಾಡಿಸಿ. ಅಲುಗಾಟ ಕೈಗೆ ತಿಳಿಯಬಾರದು. ಬೆನ್ನಿನ ಸ್ಪ್ರಿಂಗಿಗೂ ತಗಡಿಗೂ ನಡುವೆ ಬೆಳಕಿನ ಗೆರೆ ತೂರಿ ಬಂದರೆ ಜೋಡಣೆ ಸಡಿಲ. ಉಗುರಿನಿಂದ ಬೆನ್ನಿನುದ್ದಕ್ಕೂ ಗೀರಿ. ಸ್ಪ್ರಿಂಗು ಮುಗಿದು ಅಲಗು ಶುರುವಾಗುವಲ್ಲಿ ಉಗುರು ಎಡವಬಾರದು. ಬಿಚ್ಚಿದಾಗಲೂ, ಅರ್ಧ ಮಡಚಿದಾಗಲೂ, ಪೂರ್ತಿ ಮಡಚಿದಾಗಲೂ ಹೀಗೆ ಇದ್ದರೆ ಅದನ್ನು ಮಾಡಿದವರು ಗಂಟೆಗಟ್ಟಲೆ ಅರ ಹಿಡಿದು ಕೂತಿದ್ದಾರೆ ಎಂದು ತಿಳಿಯಿರಿ. ಅಗ್ಗದ ಚೂರಿಯಲ್ಲಿ ಇದು ಸಿಗುವುದಿಲ್ಲ.

ಅಲಗು ತಾನಾಗಿ ಮಡಚಿ ಬೆರಳು ಕೊಯ್ಯದಂತೆ ತಡೆಯುವ ಬಗೆಗಳು ಹಲವು. 1897ರ ಸ್ವಿಸ್ ಅಧಿಕಾರಿ ಚೂರಿಯ ವಂಶದ ಬಹುಪಾಲು ಸಣ್ಣ ಚೂರಿಗಳಲ್ಲಿ ಬೆನ್ನಿನ ಸ್ಪ್ರಿಂಗು ಬಿಟ್ಟರೆ ಲಾಕ್ ಇಲ್ಲ, ಅವುಗಳಿಂದ ಚುಚ್ಚುವ ಕೆಲಸ ಮಾಡಬಾರದು. ಜಪಾನಿನ ಹಿಗೊನೊಕಾಮಿಯಲ್ಲಿ ಅಲಗಿನ ಬಾಲವನ್ನು ಹೆಬ್ಬೆರಳು ಒತ್ತಿ ಹಿಡಿಯುವುದೇ ಲಾಕ್. ನಮ್ಮ ದೇಶದ ರಾಂಪುರಿ ಚೂರಿ ಹಲ್ಲುಹಲ್ಲಾಗಿ ಕಟಕಟ ಸದ್ದು ಮಾಡುತ್ತಾ ಬಿಚ್ಚಿಕೊಳ್ಳುತ್ತದೆ. ಸಿನಿಮಾಗಳು ಅದಕ್ಕೆ ರೌಡಿಯ ಹೆಸರು ಕಟ್ಟಿದರೂ ರಾಂಪುರದ ಕಸುಬುದಾರರ ಕೈಚಳಕಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ. ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ರೈತರ ಚೂರಿಗೆ 1955ರಲ್ಲಿ ತಿರುಗುವ ಉಕ್ಕಿನ ಬಳೆ ಬಂತು. ಅಲಗು, ಬಳೆ, ಮರದ ಹಿಡಿ, ಇಷ್ಟೇ. ಕಡಿಮೆ ಬೆಲೆಗೆ ಇಷ್ಟು ತೆಳುವಾದ, ಇಷ್ಟು ಚಂದ ಕೊಯ್ಯುವ ಅಲಗು ಇನ್ನೊಂದನ್ನು ನಾನು ಕಂಡಿಲ್ಲ. ಒಂದೇ ತೊಂದರೆ: ಮಳೆಗಾಲದಲ್ಲಿ ಬೀಚ್ ಮರದ ಹಿಡಿ ಉಬ್ಬಿ ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಇಣುಕುತ್ತದೆ, ಆಗ ಎಳೆದು ಬಿಚ್ಚಬಹುದು. ಮಳೆಗೆ ಮೊದಲೇ ಹಿಡಿಗೆ ಅಗಸೆ ಎಣ್ಣೆ ಕುಡಿಸಿದರೆ ಕಾಟ ಕಡಿಮೆ.

ಹಾಗಾದರೆ ಆ ದೊಡ್ಡ ಬೆಲೆ? ಚೂರಿ ತಯಾರಕ ಕ್ರಿಸ್ ರೀವ್ ಅವರ ಸೆಬೆಂಜಾದಂಥ ಚೂರಿ ನಾಲ್ಕು ನೂರು ಡಾಲರ್‌ಗೂ ಮಿಕ್ಕಿದ್ದು, ಅದರ ಮೇಲೆ ಸುಂಕ. ಅಲ್ಲಿ ಹಿಡಿಯ ಟೈಟಾನಿಯಂ ಹಲಗೆಯಲ್ಲೇ ಕೊರೆದ ಪಟ್ಟಿ ಅಲಗಿನ ಬುಡಕ್ಕೆ ಬಂದು ಲಾಕ್ ಆಗಿ ನಿಲ್ಲುತ್ತದೆ. ಯಜಮಾನನೇ ಪೂರ್ತಿ ಬಿಚ್ಚಿ ತೊಳೆದು ಮತ್ತೆ ಜೋಡಿಸಿದರೂ ಅಲಗು ಮೊದಲಿನ ಹಾಗೆಯೇ ನಟ್ಟನಡುವೆ ಬಂದು ಕೂರುತ್ತದೆ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸದಲ್ಲಿ ಲೋಹ ಕೊರೆಯುವ ಆ ಶ್ರದ್ಧೆಗೆ ಬೆಲೆ ಇದೆ, ಅದನ್ನು ಮೆಚ್ಚಿ ಕೊಳ್ಳುವವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಕೊಯ್ತ ಹತ್ತು ಪಟ್ಟು ಚೆನ್ನಾಗಿರುತ್ತದೆ ಎಂದು ನಂಬಿ ಕೊಳ್ಳಬೇಡಿ. ಎಷ್ಟೋ ನರ್ಸರಿಗಳಲ್ಲಿ ಶೇವಿಂಗ್ ಬ್ಲೇಡಿನ ತುಂಡಿನಲ್ಲೇ ಕಸಿ ಕಟ್ಟುತ್ತಾರೆ, ಎಳೆ ಕಾಂಡಕ್ಕೆ ಅದರ ಕೊಯ್ತ ಯಾವ ದುಬಾರಿ ಚೂರಿಗೂ ಕಡಿಮೆಯಿಲ್ಲ. ಗಟ್ಟಿ ಕಡ್ಡಿ ಬಂದಾಗ ಬ್ಲೇಡು ಬಾಗುತ್ತದೆ, ಬೆರಳು ನೋಯುತ್ತದೆ, ಸಂಜೆಯೊಳಗೆ ಎಸೆಯಬೇಕಾಗುತ್ತದೆ. ಬಾಗದ ಅಲಗು, ದಿನವಿಡೀ ನೋಯಿಸದ ಹಿಡಿ, ವರ್ಷಗಟ್ಟಲೆ ಸಡಿಲಾಗದ ಕೀಲು: ಈ ಮೂರಕ್ಕೆ ಕೊಟ್ಟ ಹಣ ಸಾರ್ಥಕ. ಉಳಿದದ್ದು ಅಲಂಕಾರ. ಅಲಂಕಾರಕ್ಕೆ ಹಣ ಕೊಡುವಾಗಲೂ ಎಚ್ಚರ ಬೇಕು. ಡಮಾಸ್ಕಸ್ ಎಂದು ಮಾರುವ ಅಲಗಿನ ಅಲೆಗೆರೆ ಬೆನ್ನಿನ ಮೇಲೂ ಹಾದು ಇನ್ನೊಂದು ಮಗ್ಗುಲಿಗೆ ಇಳಿಯಬೇಕು. ಮಗ್ಗುಲಲ್ಲಿ ಮಾತ್ರ ಇದ್ದು ಬೆನ್ನು ಬೋಳಾಗಿದ್ದರೆ ಬಹುಮಟ್ಟಿಗೆ ಅದು ಮೇಲೆ ಬರೆದ ಚಿತ್ತಾರ.

ಕಾನೂನಿನದೂ ಒಂದು ಮಾತು. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ಕಿಸೆಯ ಚೂರಿ ಆ ಅಳತೆಗೆ ಬಹಳ ಕೆಳಗೇ ಉಳಿಯುತ್ತದೆ. ಆದರೂ ಜಾತ್ರೆ, ಸಭೆಗಳಿಗೆ ಹೋಗುವಾಗ ಮನೆಯಲ್ಲೇ ಬಿಡಿ. ಬಜ್ಪೆಯಲ್ಲಿ ವಿಮಾನ ಹತ್ತುವುದಿದ್ದರೆ ಕೈಚೀಲದಲ್ಲಿ ಇಡಬೇಡಿ, ದೊಡ್ಡ ಬ್ಯಾಗಿಗೆ ಹಾಕಿ.

ನಮ್ಮ ಕಡೆಯ ಕಿಸೆಗೆ ಮೊದಲ ಚೂರಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಏಳೆಂಟು ಸೆಂಟಿಮೀಟರ್ ಉದ್ದದ, ಎರಡು ಮಿಲಿಮೀಟರ್ ಚಿಲ್ಲರೆ ದಪ್ಪದ, ತುಕ್ಕು ಹಿಡಿಯದ ಉಕ್ಕಿನ, ಸ್ಕ್ರೂ ಬಿಚ್ಚಿ ತೊಳೆಯಬಹುದಾದ ಸಾದಾ ಚೂರಿ. ಜೊತೆಗೆ ಒಂದು ಮಗ್ಗುಲು ತರಿ, ಒಂದು ಮಗ್ಗುಲು ನಯ ಇರುವ ಮಸೆಕಲ್ಲು. ಇಟ್ಟುಕೊಂಡ ಹಣ ಎರಡಕ್ಕೂ ಸಾಲದಿದ್ದರೆ ಕಲ್ಲನ್ನು ಬಿಡಬೇಡಿ, ಒಂದು ಮೆಟ್ಟಿಲು ಕಡಿಮೆ ಬೆಲೆಯ ಚೂರಿ ಕೊಳ್ಳಿ.